ಮಧುಮೇಹವಿರುವ ಬೆಕ್ಕಿನ ತೂಕ ಏರುತ್ತಿದೆ, ಇನ್ಸುಲಿನ್ ಕೆಲಸ ಮಾಡುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ:
ನಮಸ್ಕಾರ. ನಮ್ಮ ಗಂಡು ಬೆಕ್ಕು ಕರಿಯನಿಗೆ 11 ವರ್ಷ. ಮಧುಮೇಹವೆಂದು ತಿಳಿದು ಹತ್ತು ತಿಂಗಳಾಗಿದ್ದು, 1 ಯೂನಿಟ್‌ನಿಂದ ಆರಂಭಿಸಿದ ಗ್ಲಾರ್ಜಿನ್ ಎಂಬ ಇನ್ಸುಲಿನ್ ಇಂದು ದಿನಕ್ಕೆ ಎರಡು ಬಾರಿ 9 ಯೂನಿಟ್‌ಗೆ ಮುಟ್ಟಿದೆ. ಆದರೂ ಕಿವಿಯಂಚಿನಿಂದ ತೆಗೆದ ರಕ್ತದಲ್ಲಿ ಸಕ್ಕರೆ 400ಕ್ಕಿಂತ ಕೆಳಗಿಳಿಯುವುದು ಅಪರೂಪ. ಆಹಾರವನ್ನು ತೂಗಿಯೇ ಹಾಕುತ್ತಿದ್ದರೂ ಅವನ ತೂಕ 4.8 ಕಿಲೋದಿಂದ 6.1 ಕಿಲೋಗೆ ಏರಿದೆ. ನಾವು ಹೆಚ್ಚು ತಿನ್ನಿಸುತ್ತಿದ್ದೇವೆ ಎಂಬ ಮಾತು ಕೇಳಿ ಬಹಳ ನೊಂದಿದ್ದೇನೆ. ಮೊದಲು ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ 1:
ಪರೀಕ್ಷೆಗೆ ಮುನ್ನ ಸಿರಿಂಜನ್ನು ನೋಡಿ. ನಮ್ಮ ಔಷಧಿ ಅಂಗಡಿಗಳಲ್ಲಿ ಯು-40 (ಮಿಲಿಲೀಟರಿಗೆ 40 ಯೂನಿಟ್) ಮತ್ತು ಯು-100 (ಮಿಲಿಲೀಟರಿಗೆ 100 ಯೂನಿಟ್) ಇನ್ಸುಲಿನ್ನಿನ ಸಿರಿಂಜುಗಳೆರಡೂ ಸಿಗುತ್ತವೆ. ಗ್ಲಾರ್ಜಿನ್ ಸಾಮಾನ್ಯವಾಗಿ ಯು-100 ಆಗಿರುವುದರಿಂದ ಅದನ್ನು ಕೆಂಪು ಮುಚ್ಚಳದ ಯು-40 ಸಿರಿಂಜಿನ ಗೆರೆಗೆ ಎಳೆದರೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಬಾಟಲಿ ತೆರೆದು ಎಷ್ಟು ದಿನವಾಯಿತು, ಬಿಸಿಲಲ್ಲಿತ್ತೇ, ಹೆಪ್ಪುಗಟ್ಟಿತ್ತೇ ಎಂಬುದನ್ನೂ ಗಮನಿಸಿ. ಚರ್ಮಕ್ಕಾಗಲಿ ಉಬ್ಬಸಕ್ಕಾಗಲಿ ಸ್ಟೆರಾಯ್ಡ್ ಕೊಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಹಲ್ಲು, ಒಸಡು ಮತ್ತು ಮೂತ್ರದ ಸೋಂಕು ಕೂಡ ಇನ್ಸುಲಿನ್ನಿಗೆ ಅಡ್ಡಿಯಾಗುತ್ತವೆ.

ಉತ್ತರ 2:
ಮೇಲಿನದೆಲ್ಲ ಸರಿಯಿದ್ದರೆ, ನನ್ನ ಅನುಮಾನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೇಲೆ. ಹತೋಟಿ ತಪ್ಪಿದ ಮಧುಮೇಹದಲ್ಲಿ ಸಕ್ಕರೆ ಮೂತ್ರದಲ್ಲಿ ಸೋರಿಹೋಗುವುದರಿಂದ ಬೆಕ್ಕು ಸಾಮಾನ್ಯವಾಗಿ ಸೊರಗಬೇಕು. ಸಕ್ಕರೆ 400ರಲ್ಲಿದ್ದೂ ತೂಕ ಏರುತ್ತಿದೆಯೆಂದರೆ ಅದನ್ನು ಆಹಾರದ ತಪ್ಪೆಂದು ತಳ್ಳಿಹಾಕಬಾರದು. ಆ ಗ್ರಂಥಿಯಲ್ಲಿ ಬೆಳೆದ ಸಣ್ಣ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸಿದಾಗ ಅಂಗಾಂಗಗಳು ಹಿಗ್ಗುತ್ತವೆ, ಇನ್ಸುಲಿನ್ನಿನ ಪ್ರಭಾವ ಕುಂದುತ್ತದೆ. ಇದೇ ಅಕ್ರೋಮೆಗಲಿ. ಬ್ರಿಟನ್ನಿನಲ್ಲಿ 1,200ಕ್ಕೂ ಹೆಚ್ಚು ಮಧುಮೇಹಿ ಬೆಕ್ಕುಗಳ ರಕ್ತ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ನಾಲ್ಕರಲ್ಲಿ ಒಂದಕ್ಕೆ ಐಜಿಎಫ್-1 (ಬೆಳವಣಿಗೆಯ ಹಾರ್ಮೋನ್ ಹೆಚ್ಚಿದಾಗ ರಕ್ತದಲ್ಲಿ ಏರುವ ವಸ್ತು) ಮಟ್ಟ ಮಿಲಿಲೀಟರಿಗೆ 1,000 ನ್ಯಾನೊಗ್ರಾಂ ದಾಟಿತ್ತು. ಹಳೆಯ ಫೋಟೊಗಳನ್ನು ಪಕ್ಕದಲ್ಲಿಟ್ಟು ಮುಖ, ದವಡೆ, ಪಂಜಗಳನ್ನು ಹೋಲಿಸಿ. ಗೊರಕೆ ಹೊಸದಾಗಿ ಶುರುವಾಗಿದೆಯೇ ನೋಡಿ. ಆದರೆ ಮುಖ ಮಾಮೂಲಾಗಿದೆಯೆಂದು ಐಜಿಎಫ್-1 ರಕ್ತಪರೀಕ್ಷೆಯನ್ನು ಬಿಡಬೇಡಿ, ಅನೇಕ ಬೆಕ್ಕುಗಳಲ್ಲಿ ಹೊರಲಕ್ಷಣ ಕಾಣುವುದೇ ಇಲ್ಲ. ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕುಶಿಂಗ್ ರೋಗವೂ ಹೀಗೆ ಇನ್ಸುಲಿನ್ನಿಗೆ ಮಣಿಯದು, ಆದರೆ ಅದರಲ್ಲಿ ಚರ್ಮ ತೆಳುವಾಗಿ ಸುಲಭವಾಗಿ ಹರಿಯುತ್ತದೆ.

ಪ್ರಶ್ನೆ ಕೇಳಿದವರು:
ಸಿರಿಂಜ್ ಸರಿಯಾಗಿದೆ, ಮೂತ್ರದಲ್ಲಿ ಸೋಂಕಿಲ್ಲ. ಫೋಟೊ ಹೋಲಿಸಿದಾಗ ದವಡೆ ಅಗಲವಾಗಿರುವುದು ಕಂಡು ಎದೆ ಧಸಕ್ಕೆಂದಿತು. ಐಜಿಎಫ್-1 ಫಲಿತಾಂಶ 1,640 ಬಂದಿದೆ. ಮುಂದೇನು?

ಉತ್ತರ 2:
ನಿಮ್ಮ ತಪ್ಪಿನಿಂದ ಅವನು ದಪ್ಪಗಾಗಲಿಲ್ಲ. ಈಗ ತಲೆಯ ಸಿ.ಟಿ. ಅಥವಾ ಎಂ.ಆರ್.ಐ. ಬಗ್ಗೆ ಕೇಳಿ, ಜೊತೆಗೆ ಹೃದಯದ ಎಕೋ ಮಾಡಿಸಿ, ಏಕೆಂದರೆ ಹೃದಯದ ಗೋಡೆಯೂ ದಪ್ಪವಾಗಬಹುದು. ಗ್ರಂಥಿಯ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಕೆಲವೇ ಕಡೆ ಸಾಧ್ಯ. ಕ್ಯಾಬರ್ಗೋಲಿನ್ ಗುಳಿಗೆಯಿಂದ ಕೆಲವು ಬೆಕ್ಕುಗಳಿಗೆ ಉಪಯೋಗವಾಗಿದೆ, ಅದನ್ನು ವೈದ್ಯರೊಡನೆ ಚರ್ಚಿಸಿ. ಹಾರ್ಮೋನಿನ ಮಟ್ಟ ಏರಿಳಿಯುವುದರಿಂದ ದೊಡ್ಡ ಪ್ರಮಾಣದ ಇನ್ಸುಲಿನ್ ಒಂದು ದಿನ ಹಠಾತ್ತನೆ ಹೆಚ್ಚಾಗಿ ಸಕ್ಕರೆ ಕುಸಿಯಬಹುದು. ಆದ್ದರಿಂದ ಪ್ರತಿ ಚುಚ್ಚುಮದ್ದಿಗೆ ಮುಂಚೆ ಸಕ್ಕರೆ ನೋಡಿ, ವೈದ್ಯರನ್ನು ಕೇಳದೆ ಪ್ರಮಾಣ ಏರಿಸಬೇಡಿ, ಮನೆಯಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ.