ದೊಡ್ಡಪ್ಪನ ಆಪರೇಷನ್: ಮನೆ ಗ್ರೂಪಿನಲ್ಲಿ ಒಂದು ಸಂಜೆ

ಸುರೇಶ್ ಚಿಕ್ಕಪ್ಪ: (ಫಾರ್ವರ್ಡ್) ‘ಪಾರ್ಕಿನ್ಸನ್ ಕಾಯಿಲೆ: ಮೆದುಳಿನ ಆಪರೇಷನ್ ಯಾರಿಗೆ ಫಲ ಕೊಡುತ್ತೆ? ಈಗ ಕಂಪ್ಯೂಟರೇ ಹೇಳುತ್ತೆ!’ 🙏 ಪ್ರಸಾದ, ಓದು. ಅಣ್ಣನ ಸ್ಕ್ಯಾನ್ ಕೊಟ್ಟರೆ ಸಾಕು, ಉತ್ತರ ಬರುತ್ತೆ. ಇನ್ನೂ ಎಷ್ಟು ದಿನ ಯೋಚನೆ ಮಾಡ್ತೀರಿ?

ಪ್ರಸಾದ್: ಓದಿದೆ ಚಿಕ್ಕಪ್ಪ. ಖರ್ಚು ಲಕ್ಷಗಟ್ಟಲೆ. ಅಪ್ಪನಿಗೆ ಗುಣ ಕಾಣುತ್ತೆ ಅಂತ ಯಾರಾದರೂ ಬರೆದುಕೊಟ್ಟರೆ ನಾಳೆಯೇ ಅಡ್ಮಿಟ್ ಮಾಡಿಸುತ್ತೇನೆ.

ವಿದ್ಯಾ: ಯಾರೂ ಬರೆದುಕೊಡಲ್ಲ ಪ್ರಸಾದಣ್ಣ, ಈ ಕಂಪ್ಯೂಟರ್ ಕೂಡ. ಅದರಲ್ಲಿ ಹೇಳಿರುವ 2017ರ ಜರ್ಮನಿಯ ಅಧ್ಯಯನ ನನಗೆ ಗೊತ್ತು. ಬರ್ಲಿನ್‌ನ 51 ಜನ, ವುರ್ಟ್ಸ್‌ಬರ್ಗ್‌ನ 44 ಜನ. ಎಲ್ಲರಿಗೂ ಆಪರೇಷನ್ ಆಗಿಹೋಗಿತ್ತು. ಮೆದುಳಿನೊಳಗೆ ಸಣ್ಣ ತಂತಿ ಇಟ್ಟು ಕರೆಂಟ್ ಕೊಡುತ್ತಾರಲ್ಲ, ಆ ತಂತಿಯ ತುದಿ ಎಲ್ಲಿ ಕೂತಿದೆ, ಆ ಜಾಗಕ್ಕೆ ಮೆದುಳಿನ ಯಾವ ಯಾವ ಭಾಗದ ಜೊತೆ ಸಂಪರ್ಕ ಇದೆ ಅಂತ ನೋಡಿ, ಎಷ್ಟು ಸುಧಾರಿಸಿರಬಹುದು ಅಂತ ಲೆಕ್ಕ ಹಾಕಿದರು. ಮದುವೆ ಆದ ಮೇಲೆ ಜಾತಕ ನೋಡಿದ ಹಾಗೆ. ಅದರಲ್ಲೂ ಸರಾಸರಿ ಶೇ. 15ರಷ್ಟು ಆಚೀಚೆ.

ಸುರೇಶ್ ಚಿಕ್ಕಪ್ಪ: ನೀನು ಫಿಜಿಯೋ ಅಮ್ಮಾ. ಸರ್ಜನ್ ಅಲ್ಲ.

ವಿದ್ಯಾ: ಹೌದು. ಆಪರೇಷನ್ ಆದವರನ್ನು ಆಮೇಲೆ ನಡೆಸುವವಳು ನಾನು 🙂 ಆ ಲೆಕ್ಕ ದಂಡ ಅಂತಲ್ಲ. ತಂತಿ ಎಲ್ಲಿ ಕೂರಬೇಕು ಅಂತ ಕಲಿಯೋಕೆ ಬೇಕು. ಆದರೆ ದೊಡ್ಡಪ್ಪನಿಗೆ ಹಾಕಿಸಬೇಕಾ ಅನ್ನೋದಕ್ಕೆ ಹಳೇ ಪರೀಕ್ಷೆಯೇ ಇನ್ನೂ ಮೊದಲು. ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಕೈಕಾಲು, ನಡಿಗೆ ನೋಡಿ ಅಂಕ ಹಾಕುತ್ತಾರೆ. ಆಮೇಲೆ ಲೆವೊಡೋಪಾ, ಅಂದರೆ ಪಾರ್ಕಿನ್ಸನ್‌ನ ಮುಖ್ಯ ಮಾತ್ರೆ, ಕೊಟ್ಟು ಮತ್ತೆ ಅಂಕ. ತೊಂದರೆ ಮೂರರಲ್ಲಿ ಒಂದು ಭಾಗವಾದರೂ ಇಳಿದರೆ ಮುಂದಿನ ಮಾತು. ಮಾತ್ರೆಯಿಂದ ಯಾವುದು ಸರಿಹೋಗುತ್ತೋ, ಹೆಚ್ಚುಕಡಿಮೆ ಅದೇ ತಂತಿಯಿಂದಲೂ ಸರಿಹೋಗುತ್ತೆ. ಇದನ್ನು ಆಸ್ಪತ್ರೆಯಲ್ಲೇ ಮಾಡಿಸಬೇಕು, ಮನೆಯಲ್ಲಿ ಮಾತ್ರೆ ನಿಲ್ಲಿಸಬೇಡಿ.

ಸುರೇಶ್ ಚಿಕ್ಕಪ್ಪ: (ವಿಡಿಯೋ) ಇದನ್ನು ನೋಡು ಹಾಗಾದರೆ. ಸ್ವಿಚ್ ಹಾಕಿದ್ದೇ ತಡ, ಕೈ ನಿಂತೇಬಿಟ್ಟಿತು!

ವಿದ್ಯಾ: ಚಿಕ್ಕಪ್ಪ, ಎಲ್ಲಾ ವಿಡಿಯೋದಲ್ಲೂ ನಡುಕವೇ ಯಾಕೆ ಇರುತ್ತೆ? ಮಾತ್ರೆಗೆ ಬಗ್ಗದ ನಡುಕವೂ ತಂತಿಗೆ ಬಗ್ಗಬಹುದು, ಅದೊಂದು ಅಪವಾದ. 1987ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಬೆನಾಬಿಡ್ ಅನ್ನೋ ಸರ್ಜನ್ ಇದನ್ನು ಶುರು ಮಾಡಿದ್ದೂ ನಡುಕಕ್ಕೇ. ಮಾತು ತೊದಲುವುದು, ಆಯ ತಪ್ಪಿ ಬೀಳುವುದು, ಇವನ್ನು ಯಾರೂ ವಿಡಿಯೋ ಮಾಡಲ್ಲ. ಕೆಲವರಿಗೆ ಮಾತು ಇನ್ನೂ ಕೆಟ್ಟಿದೆ. ಮರೆವು ಜಾಸ್ತಿ ಇದ್ದರಂತೂ ಬೇಡ ಅಂತಲೇ ಹೇಳುತ್ತಾರೆ.

ದೊಡ್ಡಮ್ಮ: ಇವರಿಗೆ ಮರೆವಿಲ್ಲ ಕಣೇ. ನಾನು ಮೂವತ್ತು ವರ್ಷದ ಹಿಂದೆ ಆಡಿದ್ದೆಲ್ಲಾ ನೆನಪಿದೆ.

ದೊಡ್ಡಪ್ಪ: ನನ್ನನ್ನು ಒಬ್ಬರೂ ಕೇಳಲಿಲ್ಲ. ನಡುಕ ಇರಲಿ ಬಿಡಿ, ಅಭ್ಯಾಸ ಆಗಿದೆ. ಬಚ್ಚಲ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಲ್ಲ, ಅದು ಹೋಗುತ್ತಾ?

(ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.)

ವಿದ್ಯಾ: ಯಾವಾಗ ಅಂಟುತ್ತೆ ದೊಡ್ಡಪ್ಪ? ಮಾತ್ರೆಯ ಪ್ರಭಾವ ಇಳಿದಾಗ ಮಾತ್ರವಾ? ಹಾಗಾದರೆ ತಂತಿಯಿಂದ ಕಡಿಮೆ ಆಗಬಹುದು. ಮಾತ್ರೆ ಚೆನ್ನಾಗಿ ಹಿಡಿದಿರುವಾಗಲೂ ಅಂಟಿದರೆ ಅಷ್ಟು ಆಸೆ ಇಟ್ಟುಕೊಳ್ಳೋಕೆ ಆಗಲ್ಲ.

ದೊಡ್ಡಪ್ಪ: ಬೆಳಿಗ್ಗೆ ಮಾತ್ರೆಗೆ ಮುಂಚೆ. ಆಮೇಲೆ ಇಲ್ಲ.

ದೊಡ್ಡಮ್ಮ: ಸುಳ್ಳು. ಮೊನ್ನೆ ಛತ್ರದಲ್ಲಿ ಊಟದ ಹಾಲ್ ಬಾಗಿಲಲ್ಲಿ ನಿಂತುಬಿಟ್ಟಿರಿ. ಮಾತ್ರೆ ಕೊಟ್ಟು ಒಂದು ಗಂಟೆ ಆಗಿತ್ತು.

ಸುರೇಶ್ ಚಿಕ್ಕಪ್ಪ: ಅದು ಜನ ಜಾಸ್ತಿ ಇದ್ದರು ಅಂತ ಅತ್ತಿಗೆ.

ವಿದ್ಯಾ: ಇರಬಹುದು, ಇಲ್ಲದಿರಬಹುದು. ಎರಡು ವಾರ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಮಾತ್ರೆ ಎಷ್ಟು ಹೊತ್ತಿಗೆ, ಕಾಲು ಅಂಟಿದ್ದು ಎಷ್ಟು ಹೊತ್ತಿಗೆ. ಅದನ್ನು ಹಿಡಿದುಕೊಂಡು ನ್ಯೂರಾಲಜಿಸ್ಟ್ ಹತ್ತಿರ ಹೋಗೋಣ.

(ಮರುದಿನ)

ದೊಡ್ಡಪ್ಪ: 6.10 ಬಚ್ಚಲ ಬಾಗಿಲು, ಅಂಟಿತು. 6.15 ಮಾತ್ರೆ. 7.05 ಅದೇ ಬಾಗಿಲು, ಅಂಟಲಿಲ್ಲ. 7.10 ಕಾಫಿ ಇನ್ನೂ ಬಂದಿಲ್ಲ.