ತಲೆ ದಣಿದಾಗ ಓಟಕ್ಕೆ ಹಾಡು ನೆರವಾಗುತ್ತಾ?

ಪ್ರಶ್ನೆ: ದಿನವಿಡೀ ಲೆಕ್ಕಪತ್ರ ನೋಡಿ ಸಂಜೆ ಓಡೋಕೆ ಹೊರಡುತ್ತೇನೆ. ಕಾಲಿಗೆ ಏನೂ ಆಗಿರಲ್ಲ, ಆದರೂ ಎರಡನೇ ಕಿಲೋಮೀಟರಿಗೇ ಸಾಕಪ್ಪಾ ಅನಿಸುತ್ತದೆ. ಹಾಡು ಕೇಳಿದರೆ ಹಗುರ ಅನಿಸೋದು ಸುಮ್ನೆ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ. 2009ರಲ್ಲಿ ಕ್ರೀಡಾ ವಿಜ್ಞಾನಿ ಸ್ಯಾಮುಯೆಲೆ ಮಾರ್ಕೋರಾ ಅವರ ತಂಡ ಕೆಲವರ ತಲೆಗೆ 90 ನಿಮಿಷ ಕೆಲಸ ಕೊಟ್ಟು, ಆಮೇಲೆ ಸೈಕಲ್ ತುಳಿಸಿತು. ಹೃದಯ, ಸ್ನಾಯು ಎಂದಿನಂತೆಯೇ ಕೆಲಸ ಮಾಡಿದವು. ಶ್ರಮ ಮಾತ್ರ ಜಾಸ್ತಿ ಅನಿಸಿ ಅವರು ಬೇಗ ನಿಲ್ಲಿಸಿದರು. ಹಾಡು ಹಗುರ ಮಾಡೋದು ಆ ಅನಿಸಿಕೆಯನ್ನೇ ಅಲ್ವಾ!

ಇನ್ನೊಂದು ಉತ್ತರ: ಜೋರಾಗಿ ಓಡಿದರೆ ಏದುಸಿರೇ ಗಮನವನ್ನೆಲ್ಲ ಎಳೆದುಕೊಳ್ಳುತ್ತದೆ, ಹಾಡು ಅಷ್ಟಾಗಿ ನಾಟಲ್ಲ. ಮಧ್ಯಮ ವೇಗಕ್ಕೆ ಹೆಚ್ಚು ಉಪಯೋಗ. ತಾಳ ನಿಮಿಷಕ್ಕೆ 120ರಿಂದ 140 ಬಡಿತ ಇರುವ, ನಿಮಗೆ ಇಷ್ಟವಾದ ಹಾಡು ಹಾಕಿ. ರಸ್ತೆಯಲ್ಲಾದರೆ ಒಂದು ಕಿವಿ ಖಾಲಿ ಇರಲಿ.

ಕೇಳಿದವರು: ಸರಿ, ಎರಡನೇ ಕಿಲೋಮೀಟರಿಗೆ ಶುರು ಮಾಡಿ ನೋಡ್ತೀನಿ.