ಮನೆ ಗ್ರಿಲ್‌ನಲ್ಲಿ ರಿಬ್ಸ್ (ಪಕ್ಕೆಲುಬಿನ ಮಾಂಸ) ಸ್ಮೋಕ್ ಮಾಡಿದ್ರೆ, ಅಂದ್ರೆ ಹೊಗೆಲಿ ಬೇಯಿಸಿದ್ರೆ, ಮೇಲೆಲ್ಲಾ ಕರಿ, ಒಳಗೆ ನಾರು. ಎಲ್ಲಿ ತಪ್ತಾ ಇದೀನಿ?

ಮೆಂಫಿಸ್‌ವಾಸಿ:
ಎಲ್ರಿಗೂ ನಮಸ್ಕಾರ. ಅಮೆರಿಕದ ಮೆಂಫಿಸ್‌ಗೆ ಬಂದು ಎರಡು ವರ್ಷ ಆಯ್ತು, ಇಲ್ಲಿ ಸಾಸ್ ಇಲ್ದೆ ಬರೀ ಒಣ ಮಸಾಲೆಲಿ ಮಾಡೋ ಹಂದಿ ರಿಬ್ಸ್ ತಿಂದ ಮೇಲೆ ಮನೇಲೂ ಮಾಡ್ಲೇಬೇಕು ಅಂತ ಆಸೆ ಹತ್ಕೊಂಡಿದೆ. 22 ಇಂಚಿನ ವೆಬರ್ ಕೆಟಲ್ (ಮುಚ್ಚಳ ಇರೋ ದುಂಡನೆ ಇದ್ದಿಲ ಗ್ರಿಲ್) ಇದೆ. ಶನಿವಾರ ಒಂದು ರ‍್ಯಾಕ್ ಸ್ಪೇರ್ ರಿಬ್ಸ್ ತಂದು ಪ್ಯಾಪ್ರಿಕಾ, ಬ್ರೌನ್ ಶುಗರ್, ಉಪ್ಪು, ಮೆಣಸು, ಬೆಳ್ಳುಳ್ಳಿ ಪುಡಿ ಉಜ್ಜಿ, ಇದ್ದಿಲು ಪೂರ್ತಿ ಹರಡಿ, ನೆನೆಸಿದ ಹಿಕರಿ ಮರದ ಚಿಪ್ಸ್ ಮೂರು ಹಿಡಿ ಸುರಿದು ಮುಚ್ಚಳ ಹಾಕ್ದೆ. ಒಂದೂವರೆ ಗಂಟೆಗೆ ಮೇಲೆಲ್ಲಾ ಇದ್ದಿಲ ಬಣ್ಣ, ಎಲುಬಿಂದ ಮಾಂಸ ಬಿಡ್ತಾನೇ ಇಲ್ಲ. ಮಗಳು ಒಂದು ತುತ್ತು ಬಾಯಿಗಿಟ್ಟು "ಅಪ್ಪಾ, ಕಹಿ" ಅಂತ ತಟ್ಟೆ ಸರಿಸಿಬಿಟ್ಲು. ಮುಂದಿನ ವಾರ ತಮ್ಮ ಬರ್ತಾನೆ, ದಯವಿಟ್ಟು ಹೇಳ್ಕೊಡಿ.

ಕೆಂಡ_ಬೂದಿ:
ಸರ್, ಕೆಂಡದ ನೆತ್ತಿ ಮೇಲೇ ಮಾಂಸ ಇಟ್ಟಿದೀರ, ಸಕ್ಕರೆ ಸುಟ್ಟಿರೋದು ಅದಕ್ಕೇ. ಬ್ರಿಕೆಟ್‌ಗಳನ್ನ (ಅಚ್ಚು ಹಾಕಿದ ಇದ್ದಿಲ ಉಂಡೆ) ಗ್ರಿಲ್ ಅಂಚಿಗೆ ಅರ್ಧ ಸುತ್ತು ಹಾವಿನ ಥರ ಸಾಲಾಗಿ ಜೋಡ್ಸಿ, ಪಕ್ಕಪಕ್ಕ ಎರಡು, ಮೇಲೆ ಎರಡು, ಒಂದು ತುದಿಲಿ ಮಾತ್ರ ಎಂಟ್ಹತ್ತು ಕೆಂಡ ಇಟ್ರೆ ತಾನಾಗೇ ನಿಧಾನಕ್ಕೆ ಹತ್ಕೊಂಡು ಹೋಗುತ್ತೆ. ನಡುವೆ ನೀರಿನ ಟ್ರೇ, ಅದರ ಮೇಲೆ ರಿಬ್ಸ್. ಮೇಲಿನ ವೆಂಟ್ (ಗಾಳಿಕಿಂಡಿ) ಪೂರ್ತಿ ತೆಗ್ದಿಡಿ, ಶಾಖ ಏರ್ಸೋದು ಇಳ್ಸೋದು ಕೆಳಗಿನ ವೆಂಟಲ್ಲಿ. 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಸಾಕು. ಮುಚ್ಚಳದ ಥರ್ಮಾಮೀಟರ್ ನಂಬ್ಕೋಬೇಡಿ, ಮಾಂಸದ ಪಕ್ಕ ಒಂದು ಪ್ರೋಬ್ (ಶಾಖ ಅಳೆಯೋ ಕಡ್ಡಿ) ಇಡಿ.

ಕಹಿ ಬಂದಿದ್ದು ಹೊಗೆಯಿಂದಾನೂ ಹೌದು. ನೆನೆಸಿದ ಚಿಪ್ಸ್ ಹತ್ಕೊಳ್ಳಲ್ಲ, ದಪ್ಪ ಬಿಳಿ ಹೊಗೆ ಕಕ್ಕುತ್ತೆ. ಒಣಗಿದ ಹಿಕರಿ ತುಂಡು ಎರಡು ಮೂರು ಸಾಲಿನ ಮೇಲಿಡಿ, ಕಣ್ಣಿಗೆ ಕಾಣ್ಸೀಕಾಣದ ತೆಳು ನೀಲಿ ಹೊಗೆ ಬಂದ್ಮೇಲೇ ಮಾಂಸ ಹಾಕಿ.

ಇನ್ನೊಂದು, ನಿಮ್ಮೂರಿನ ರಾಂಡೆವೂ ಹೋಟೆಲ್ ನೋಡ್ಕೊಂಡು ಮಾಡಿದ್ರೆ ಗೊಂದಲ ಆಗುತ್ತೆ. 1948ರಿಂದ ಇರೋ ಜಾಗ ಅದು, ಅಲ್ಲಿ ತಾಸುಗಟ್ಟಲೆ ಸ್ಮೋಕ್ ಮಾಡಲ್ಲ, ಕೆಂಡದಿಂದ ಎತ್ತರದಲ್ಲಿಟ್ಟು ಸುಟ್ಟು, ವಿನೆಗರ್ ಹಚ್ಚಿ, ಮಸಾಲೆ ಕೊನೆಗೆ ಉದುರಿಸ್ತಾರೆ. ಅದೇ ಬೇರೆ ದಾರಿ.

ಡಲ್ಲಾಸ್_ಅಡುಗೆಮನೆ:
ಎಲುಬಿನ ಕಡೆ ಇರೋ ಬಿಳಿ ಪೊರೆ ತೆಗೆದ್ರಾ? ಅದು ಬೇಯೋದೇ ಇಲ್ಲ, ಮಸಾಲೆನೂ ಒಳಗೆ ಬಿಡಲ್ಲ. ಚಮಚದ ಹಿಡಿ ತೂರ್ಸಿ ಒಂದು ಮೂಲೆ ಎಬ್ಬಿಸಿ, ಜಾರುತ್ತಲ್ಲ ಅದಕ್ಕೆ ಪೇಪರ್ ಟವೆಲ್‌ನಲ್ಲಿ ಹಿಡ್ಕೊಂಡು ಎಳೀರಿ, ಸರ್ರಂತ ಒಂದೇ ಹಾಳೆ ಥರ ಬರುತ್ತೆ. ಮತ್ತೆ ಒಂದೂವರೆ ಗಂಟೆ ಎಲ್ಲಿಗೂ ಸಾಲಲ್ಲ, ಸ್ಪೇರ್ ರಿಬ್ಸ್‌ಗೆ ಐದಾರು ಗಂಟೆ ಬೇಕು, ಆಗ್ಲೇ ಆ ಗಟ್ಟಿ ನಾರೆಲ್ಲಾ ಕರಗಿ ಅಂಟಂಟಾಗೋದು. ಇಕ್ಕಳದಲ್ಲಿ ಒಂದು ತುದಿ ಹಿಡಿದೆತ್ತಿದಾಗ ಚೆನ್ನಾಗಿ ಬಾಗಿ ಮೇಲೆ ಬಿರುಕು ಬಿಟ್ರೆ ಆಯ್ತು ಅಂತ ಅರ್ಥ. ಮಧ್ಯ ಮಧ್ಯ ಮುಚ್ಚಳ ತೆಗೀಬೇಡಿ, ತೆಗೆದಷ್ಟು ಸಲ ಶಾಖ ಹೋಗುತ್ತೆ.

ಪೊನ್ನಂಪೇಟೆ_ಮಳೆ:
ಅಣ್ಣ, ನಾನು ಪ್ಯಾಪ್ರಿಕಾ ಬದ್ಲು ಬ್ಯಾಡಗಿ ಮೆಣಸಿನಪುಡಿ ಹಾಕ್ತೀನಿ, ಖಾರ ಕಮ್ಮಿ, ಬಣ್ಣ ಮಾತ್ರ ಕೆಂಪಗೆ ಕೂರುತ್ತೆ. ಎರಡನೇ ಗಂಟೆ ಆದ್ಮೇಲೆ ತಾಸಿಗೊಂದ್ಸಲ ಆ್ಯಪಲ್ ಸೈಡರ್ ವಿನೆಗರ್ ಬದ್ಲು ಕಾಚಂಪುಳಿಗೆ (ನಮ್ಮ ಕೊಡಗಿನ ಕಪ್ಪು ಹುಳಿ) ನೀರು ಬೆರೆಸಿ ಬ್ರಶ್‌ನಲ್ಲಿ ಹಚ್ಚಿ. ಕಾಚಂಪುಳಿ ತುಂಬಾ ಗಾಢ, ಒಂದು ಲೋಟ ನೀರಿಗೆ ಒಂದು ಚಮಚ ಸಾಕು. ಪಂದಿ ಕರಿಗೆ ಆ ಹುಳಿ ಹೆಂಗೆ ಹೊಂದುತ್ತೋ ಇಲ್ಲೂ ಕೊಬ್ಬಿನ ಜಿಡ್ಡನ್ನ ಹಂಗೇ ಮುರಿಯುತ್ತೆ.

ಮೆಂಫಿಸ್‌ವಾಸಿ:
ಪೊರೆ ತೆಗ್ದೇ ಇರ್ಲಿಲ್ಲ! ಇವತ್ತು ಬೆಳಿಗ್ಗೆ ಏಳಕ್ಕೆ ಹಾವು ಜೋಡ್ಸಿ ಹೊತ್ತಿಸ್ದೆ, ಐದೂಮುಕ್ಕಾಲು ಗಂಟೆ ಆಯ್ತು, ಎರಡೇ ಸಲ ಮುಚ್ಚಳ ತೆಗ್ದಿದ್ದು. ಕೊಯ್ದಾಗ ಮೇಲಿನ ಪದರದ ಕೆಳಗೆ ಹೊಗೆ ಹಿಡಿದ ಗುಲಾಬಿ ಗೆರೆ, ಎಲುಬು ತಿರುವಿದ್ರೆ ಮಾಂಸ ಬಿಟ್ಕೊಳ್ತಾ ಇತ್ತು. ಮಗಳು ನಾಲ್ಕು ಎಲುಬು ಖಾಲಿ ಮಾಡಿದ್ಲು. ಕಾಚಂಪುಳಿ ಇರ್ಲಿಲ್ಲ, ತಮ್ಮನಿಗೆ ಒಂದು ಬಾಟ್ಲಿ ತರೋಕೆ ಈಗಷ್ಟೇ ಫೋನ್ ಮಾಡಿ ಹೇಳ್ದೆ.